ಫ್ರಿಡೊಲಿನ್‌ನ ಮೂಗು

ಲಿಯೋನಿ ಮುನ್‌ಸ್ತೆರ್ ಚೀಸನ್ನು ಬೇಕೆಂದೇ ಗಂಡನ ಮೊಣಕೈ ಪಕ್ಕದಲ್ಲಿಟ್ಟು ಮೇಲೊಂದು ಬಟ್ಟೆ ಮುಚ್ಚಿದಳು. ಪಕ್ಕದ ಮನೆಯವರೂ ಮೂಗು ಮುಚ್ಚಿಕೊಳ್ಳಬೇಕು, ಅಂಥ ಚೀಸು ಅದು. ಮದುವೆಯಾದಾಗಿನಿಂದ ಅದು ಮೇಜಿಗೆ ಬಂದ ತಕ್ಷಣ ಫ್ರಿಡೊಲಿನ್ "ಕಿಟಕಿ ತೆಗಿಯೇ, ಸತ್ತೆ!" ಎಂದು ಕೂಗುವುದು, ಆಮೇಲೆ ಅರ್ಧಕ್ಕರ್ಧ ತಾನೇ ಮುಗಿಸುವುದು. ಇವತ್ತು ಮಾತ್ರ ತೆಪ್ಪಗೆ ಸೂಪು ಕುಡಿಯುತ್ತಿದ್ದ. ನಿನ್ನೆ ಅವನ ಕಣ್ಣೆದುರಿಗಿದ್ದ ಒಲೆಯಲ್ಲಿ ಈರುಳ್ಳಿ ಟಾರ್ಟ್ ಸೀದು ಕರಕಲಾದಾಗಲೂ ಹೀಗೇ ಪೇಪರ್ ಓದುತ್ತ ಕೂತಿದ್ದ.

ಅವಳು ಬಟ್ಟೆ ಸರಿಸಿದಳು. ಚೀಸನ್ನು ನೋಡಿ ಅವನ ಮುಖ ಬಿಳಿಚಿಕೊಂಡಿತು.

"ಯಾವಾಗಿಂದ?"

"ಏನು ಯಾವಾಗಿಂದ?"

"ನನ್ನ ಹತ್ರ ನಾಟಕ ಬೇಡ ಮಹರಾಯ. ಮೂಗು ಹೋಗಿ ಎಷ್ಟು ದಿನ ಆಯ್ತು?"

ಚಮಚ ಕೆಳಗಿಟ್ಟ. "ದ್ರಾಕ್ಷಿ ಕೊಯ್ಲಲ್ಲಿ ಜ್ವರ ಬಂತಲ್ಲ, ಆಗಿಂದ. ಊರಲ್ಲಿ ಗೊತ್ತಾದ್ರೆ ನನ್ನ ಕಥೆ ಮುಗೀತು."

ಪಾಪ, ಅವನು ಹೆದರಿದ್ದಕ್ಕೂ ಕಾರಣವಿತ್ತು. ಕೆಳಗೆ ನೆಲಮಾಳಿಗೆಯ ದೊಡ್ಡ ಪೀಪಾಯಿಯಲ್ಲಿ ಈ ವರ್ಷದ ಗೆವುರ್ಜ್‌ಟ್ರಾಮಿನರ್ ವೈನು ಹುದುಗುತ್ತಿತ್ತು. ನಮ್ಮ ಆಲ್ಸೇಸಿನಲ್ಲಿ ಉಳಿದ ವೈನುಗಳನ್ನು ಹೇಗೋ ಮಾಡಿಬಿಡಬಹುದು, ಇದಕ್ಕೆ ಮಾತ್ರ ಮೂಗೇ ಬೇಕು. ಗುಲಾಬಿಯ ಪರಿಮಳ ಪೂರ್ತಿ ಅರಳಿರಬೇಕು, ತುಸುವೇ ಸಿಹಿ ಉಳಿದಿರಬೇಕು, ಆ ಹೊತ್ತು ನೋಡಿ ಹುದುಗುವುದನ್ನು ನಿಲ್ಲಿಸಬೇಕು. ಅವಸರ ಮಾಡಿದರೆ ಬರೀ ಪಾನಕ. ತಡಮಾಡಿದರೆ ಸಿಹಿಯೆಲ್ಲ ಮಾಯವಾಗಿ ವರ್ಷದ ದುಡಿಮೆ ನೀರುಪಾಲು.

"ಸಿಹಿ ನಾಲಿಗೆಗೆ ತಿಳಿಯತ್ತೆ," ಎಂದ. "ಪರಿಮಳ ಬಂತೋ ಇಲ್ವೋ, ದೇವರಾಣೆ ಗೊತ್ತಾಗ್ತಿಲ್ಲ ಲಿಯೋನಿ."

"ನಡಿ, ನಾನು ಮೂಸಿ ಹೇಳ್ತೀನಿ."

"ನೀನಾ? ಹುದುಗೋವಾಗ ಹೆಂಗಸರು ಕೆಳಗಿಳಿದ್ರೆ ವೈನು ಕೆಡತ್ತೆ ಅಂತ ನಮ್ಮಪ್ಪ..."

"ನಿಮ್ಮಪ್ಪನಿಗೆ ಮೂಗಿತ್ತು. ಏಳು ಮೇಲೆ."

ಈ ಮನೆಗೆ ಬಂದಂದಿನಿಂದ ಪ್ರತಿ ಶರತ್ಕಾಲದಲ್ಲೂ ಲಿಯೋನಿ ನೆಲಮಾಳಿಗೆಯ ಬಾಗಿಲಲ್ಲೇ ನಿಂತು ಊಟದ ಬುಟ್ಟಿಯನ್ನು ಒಳಗೆ ಚಾಚುತ್ತಿದ್ದಳು. ಇಂದು ಲಂಗ ಎತ್ತಿ ಹಿಡಿದು ಸರಸರ ಇಳಿದಳು. ಹಿಂದಿನಿಂದ ಬಂದ ಫ್ರಿಡೊಲಿನ್ ಗೋಡೆಗೆ ತೂಗುಹಾಕಿದ್ದ ಅಪ್ಪನ ಫೋಟೋ ಕಡೆ ನೋಡದೆ ಪೀಪಾಯಿಯ ನಲ್ಲಿ ತಿರುಗಿಸಿ ಗ್ಲಾಸು ತುಂಬಿಕೊಟ್ಟ.

ಅವಳು ಕುಡಿಯಲಿಲ್ಲ. ಗ್ಲಾಸನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದಳು. ಆಮೇಲೆ ಹೊಸ ಮದುವಣಗಿತ್ತಿಯಂತೆ ಅವಳ ಕೆನ್ನೆ ಕೆಂಪಾಯಿತು.

"ನಿಲ್ಸು. ಇವತ್ತೇ, ಈಗ್ಲೇ."

"ಅಷ್ಟು ಖಂಡಿತವಾಗಿ ಹೇಳ್ತೀಯಲ್ಲ! ಇನ್ನೂ ಹುದುಗ್ತಿರೋ ವೈನನ್ನ ನೀನು ಒಂದು ಸಲನಾದ್ರೂ ಮೂಸಿದೀಯಾ?"

ಲಿಯೋನಿ ಗ್ಲಾಸನ್ನು ಅವನ ಕೈಗಿಟ್ಟಳು.

"ವರ್ಷಕ್ಕೊಂದು ಸಾಯಂಕಾಲ ಹುದುಗೋದು ನಿಲ್ಸಿ ಶಿಳ್ಳೆ ಹಾಕ್ಕೊಂಡು ಮೇಲೆ ಬಂದು ನನ್ನ ತಬ್ಕೋತೀಯಲ್ಲ," ಎಂದಳು. "ಆವತ್ತು ನಿನ್ನ ಅಂಗೀಲಿರೋದು ಇದೇ ವಾಸನೆ."