ತಡೆದ ಪೆನಾಲ್ಟಿ

ದ್ವೀಪದೇಶದ ರಾಜಧಾನಿ ಹೊನಿಯಾರಾದ ರಸ್ತೆಬದಿಯ ಮೇಜಿನ ಮೇಲೆ ರೊಸೀನಾ ಅಡಿಕೆಗಳನ್ನು ಗುಡ್ಡೆ ಮಾಡುತ್ತಿದ್ದಾಗಲೇ, ಜಗಿಯುತ್ತ ನಿಂತವರು ದೇಶ ಗೆದ್ದ ಆ ಪುಟ್ಟ ಫುಟ್‌ಬಾಲ್ ಕಪ್ಪಿನ ಮಾತು ತೆಗೆದರು.

"ಕೊನೇ ಪೆನಾಲ್ಟಿನ ನಮ್ಮ ಗೋಲ್‌ಕೀಪರ್ ಸೈಲಸ್ ಎಡಕ್ಕೆ ಹಾರಿ ಬೆರಳ ತುದೀಲಿ ತಳ್ಳಿದ್ನಲ್ಲ, ಅಬ್ಬಾ!" ಎಂದ ಅವಳ ಗಂಡ ಕೇಸ್ಲಿ. "ನಾನು ಗೋಲಿನ ಹಿಂದೇನೇ ಇದ್ದೆ ಕಣ್ರೋ."

ರೊಸೀನಾಳ ಕೈ ನಿಂತಿತು. ಸೈಲಸ್ ಆಡಿದ ಗಂಡಸರ ಫೈನಲ್ ಮೂರು-ಸೊನ್ನೆಗೆ ಮುಗಿದಿತ್ತು, ಪೆನಾಲ್ಟಿಯೇ ಇರಲಿಲ್ಲ. ಪೆನಾಲ್ಟಿಗೆ ಹೋಗಿ ಗೆದ್ದದ್ದು ಮರುದಿನದ ಹೆಂಗಸರ ಫೈನಲ್. ಹಾರಿ ತಡೆದವಳು ರೊಸೀನಾ. ಕಂಬಕ್ಕೆ ಬಡಿದು ಮಣಿಕಟ್ಟು ಮುರಿದಾಗ ಮೂರು ವಾರ ಕೈತುತ್ತು ಕೊಟ್ಟವನು ಇದೇ ಕೇಸ್ಲಿ.

"ಅದು ನಾನು," ಎಂದಳು.

"ಹೆಂಗಸರ ಆಟಾನೂ ಲೆಕ್ಕಕ್ಕೆ ಹಿಡಿದ್ರೆ ನಮ್ಮ ಕಪ್ ಎರಡಾಗಿಬಿಡುತ್ತಲ್ಲ ಅತ್ತಿಗೆ!" ಎಂದು ಕೇಸ್ಲಿಯ ಗೆಳೆಯ ಅಲಿಕ್ ನಕ್ಕ. "ಸ್ವಲ್ಪ ಸುಣ್ಣ ಕೊಡಿ."

ಕೇಸ್ಲಿಯೂ ನಕ್ಕ. "ಬಿಡೇ, ಯಾರು ತಡೆದ್ರೇನು? ಶನಿವಾರ ರೇಡಿಯೋದವರು ಆ ಕಪ್ಪಿನ ಕಥೆ ಹೇಳೋಕೆ ಕರೆದಿದ್ದಾರೆ. ಎಂಟು ಗಂಟೆ ಬಸ್ಸಿಗೆ ಹೋಗ್ತೀನಿ, ನನ್ನ ಬಿಳಿ ಅಂಗಿ ಒಗೆದಿಡು."

ಅವಳು ಅಲಿಕ್‌ಗೆ ಸುಣ್ಣ ಕೊಟ್ಟಳು. ಶನಿವಾರ ತಾನು ಏಳು ಗಂಟೆಯ ಬಸ್ಸು ಹಿಡಿಯುವುದೆಂದು ಮನಸ್ಸಿನಲ್ಲೇ ನಿಶ್ಚಯಿಸಿ, ಮುಂದಿನ ಗಿರಾಕಿಯತ್ತ ತಿರುಗಿದಳು.