ವಾಲಿದ ಹಿಡಿಯ ಹೂಜಿ

ಅಟ್ಟದ ಮೇಲಿದ್ದ ಹಳೇ ಹೂಜಿ ಮಾಯ. ಕಳ್ಳರು ಹೊರಗಿನವರಲ್ಲ. ಕಳ್ಳಿ ಅಲ್ಲೇ ಚಕ್ರದ ಮುಂದೆ ಕೂತು, ಏನೂ ಅರಿಯದವಳಂತೆ ಮಣ್ಣು ನಾದುತ್ತಿದ್ದಳು.

“ಅಮ್ಮಾ, ಕೊಟ್ಟುಬಿಡು. ಹನ್ನೊಂದಕ್ಕೆ ಪ್ರವಾಸೋದ್ಯಮದ ಅಧಿಕಾರಿ ಬರ್ತಾರೆ. ಹಳೇ ಮಾದರಿ ತೋರಿಸದಿದ್ರೆ ನನ್ನ ವಿನ್ಯಾಸ ಕಸದ ಬುಟ್ಟಿಗೆ.”

“ಹೋಗ್ಲಿ ಬಿಡು. ನೆಟ್ಟಗಿರೋದನ್ನ ಮಾಡಿ ತೋರಿಸು.”

ಮಗಳಿಗೆ ಮೈಯೆಲ್ಲ ಉರಿದುಹೋಯಿತು. ಪ್ರವಾಸಿಗರು ಊರಿನ ನೆನಪಿಗೆ ಒಯ್ಯಲೆಂದು ಅಂಗೈಯಗಲದ ಹೂಜಿ ರೂಪಿಸಲು ಅವಳು ಎರಡು ತಿಂಗಳು ಬೀದಿ ಬೀದಿ ಅಲೆದಿದ್ದಳು. ಹಳೇ ಮನೆಗಳಲ್ಲೆಲ್ಲ ಒಂದೇ ತರದ ಹೂಜಿ. ಹಿಡಿ ಎಡಕ್ಕೆ ವಾಲಿದ್ದು. ಊರೆಲ್ಲ ಮೆಟ್ಟಿಲ ಬೀದಿಗಳು. ಹತ್ತುವಾಗ ನೀರು ತುಳುಕದಿರಲೆಂದೇ ಹಿರಿಯರು ಹಿಡಿಯನ್ನು ಓರೆ ಮಾಡಿದ್ದಾರೆ ಎಂದು ತಾನೇ ತರ್ಕ ಹೂಡಿ, ‘ಶತಮಾನಗಳ ಪರಂಪರೆ’ ಎಂಬ ಚೀಟಿಯನ್ನೂ ಅಚ್ಚು ಹಾಕಿಸಿದ್ದಳು. ಯಾವ ಅಜ್ಜಿಯನ್ನು ವಿಚಾರಿಸಿದರೂ ಬೊಚ್ಚುಬಾಯಿ ತುಂಬ ನಗು. “ನಿಮ್ಮಮ್ಮನ್ನೇ ಕೇಳೇ!” ಅಮ್ಮನನ್ನು ಕೇಳಿದರೆ ಚಕ್ರವನ್ನು ಇನ್ನಷ್ಟು ಜೋರಾಗಿ ತಿರುಗಿಸುತ್ತಿದ್ದಳು.

ಹೊಟ್ಟೆಕಿಚ್ಚೇ ಇರಬೇಕು, ಇನ್ನೇನು? ಕೂದಲೆಳೆಯಷ್ಟು ಸೊಟ್ಟಗಾದರೂ ಪಾತ್ರೆ ಒಡೆದುಹಾಕುವ ಹೆಂಗಸು ಅವಳು. ಆ ಸೊಟ್ಟ ಹೂಜಿಯನ್ನು ಮಾತ್ರ ಬಟ್ಟೆ ಸುತ್ತಿ ಕಾಪಾಡಿದ್ದಳು, ಮೂವತ್ತೆರಡು ತುಂಬಿದ ಮಗಳಿಗೂ ಮುಟ್ಟಗೊಟ್ಟಿರಲಿಲ್ಲ.

ಅಧಿಕಾರಿ ಬಂದರು, ಬೆವರು ಒರೆಸಿಕೊಂಡರು, ಮಗಳು ಮಾಡಿದ ಪುಟ್ಟ ಹೂಜಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಚೆನ್ನಾಗಿದೆಯಮ್ಮ. ಹಳೇದೆಲ್ಲಿ?”

ಮಗಳ ಮುಖ ಸಣ್ಣದಾಯಿತು. ಕಣ್ಣಲ್ಲಿ ನೀರು ಬಂದೇಬಂತು. ಅಮ್ಮ ಅದನ್ನು ನೋಡಿದಳು, ಗೊಣಗುತ್ತ ಎದ್ದಳು. ಹಿಟ್ಟಿನ ಡಬ್ಬದೊಳಗಿಂದ ಹೂಜಿ ಹೊರಬಂತು.

“ಶತಮಾನವೂ ಇಲ್ಲ, ಗಿತಮಾನವೂ ಇಲ್ಲ ಸ್ವಾಮಿ. ಇದು ನನ್ನ ಕೈತಪ್ಪು. ಒಂದು ಸಲ ಎಲ್ಲ ಹಿಡಿಗಳೂ ವಾಲಿಹೋದವು. ಮಾರೋಕೆ ನಾಚಿಕೆಯಾಗಿ, ಮನೆಗೆ ಬಂದವರಿಗೆಲ್ಲ ಒಂದೊಂದು ಕೊಟ್ಟುಬಿಟ್ಟೆ.”

ಅಯ್ಯೋ, ಮುಗಿದೇಹೋಯಿತು ಅಂದುಕೊಂಡಳು ಮಗಳು. ಅಧಿಕಾರಿ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. “ಒಬ್ಬರ ಕೈತಪ್ಪನ್ನ ಇಡೀ ಊರು ಜೋಪಾನ ಮಾಡಿದೆ ಅಂದ್ರೆ ಅದು ಊರಿನದ್ದೇ ಬಿಡಿ. ನಾನು ಇದನ್ನೇ ಆರಿಸ್ತೀನಿ. ಚೀಟಿಯಲ್ಲಿ ‘ಶತಮಾನ’ ಹೊಡೆದುಹಾಕಿ, ನಿಜವಾದ ದಿನ ಬರೀರಿ.”

ಮಗಳು ಹೂಜಿಯನ್ನು ಬೋರಲು ಮಾಡಿದಳು. ತಳದಲ್ಲಿ ಅಮ್ಮ ಕಡ್ಡಿಯಿಂದ ಗೀಚಿದ್ದ ತಾರೀಕಿತ್ತು. ಯಾವ ಅರ್ಜಿ ತುಂಬುವಾಗಲೂ ತನ್ನ ಹೆಸರಿನ ಕೆಳಗೆ ಮಗಳು ಬರೆಯುತ್ತಿದ್ದುದು ಅದೇ ತಾರೀಕು.

“ನಲವತ್ತು ಹೂಜಿಗೆ ಹಿಡಿ ಅಂಟಿಸೋದಿತ್ತು, ಮಣ್ಣು ಒಣಗ್ತಾ ಇತ್ತು, ಅಷ್ಟೊತ್ತಿಗೆ ನೋವು ಶುರುವಾಯ್ತು,” ಅಂದಳು ಅಮ್ಮ. “ಏನ್ ಮಾಡ್ಲಿ ಕಣೇ, ನಿನಗೂ ಅವತ್ತೇ ಅವಸರ!”