ಕಡ ತಂದ ತ್ರಾಣ

ಗಂಡನ ಮಣ್ಣಿಗೆ ಬಂದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ಹಾಸಿಗೆಯಿಂದ ಎದ್ದು ಅಡುಗೆಮನೆಗೆ ಬರುವಷ್ಟರಲ್ಲಿ ನೀಲಾ ಎರಡು ಸಲ ಗೋಡೆ ಹಿಡಿದು ನಿಂತಳು. ಕಪಾಟಿನಲ್ಲಿ ಪಕ್ಕದ ಮನೆ ಪಾರವ್ವನ ಹಿತ್ತಾಳೆ ತಂಬಿಗೆ ಹಾಗೇ ಇತ್ತು.

ಹುಬ್ಬಳ್ಳಿಯ ಆ ಓಣಿಯಲ್ಲಿ ಮಂದಿ ಹೆಪ್ಪಿಗೆ ಮಜ್ಜಿಗೆ ಇಸಿದುಕೊಳ್ಳುವಂತೆ ತ್ರಾಣವನ್ನೂ ತಂಬಿಗೆಯಲ್ಲಿ ಇಸಿದುಕೊಳ್ಳುತ್ತಿದ್ದರು. ಅದು ತಿರುಗಿ ಬರುವ ತನಕ ಕೊಟ್ಟವರ ಮೈ ಸೋತಿರುತ್ತಿತ್ತು. ಗಂಡ ಮಹಾಂತೇಶ ಸಾಯುವುದಕ್ಕೆ ಒಂದು ವಾರ ಮೊದಲು ಪಾರವ್ವನಿಂದ ಈ ತಂಬಿಗೆ ತಂದಿಟ್ಟಿದ್ದ. ಕುಡಿದಿರಲಿಲ್ಲ.

ಕುಡಿದರೆ ತಾನಾದರೂ ಇವತ್ತು ಮಿಂದು, ತಲೆ ಬಾಚಿಕೊಂಡು, ಮನುಷ್ಯಳಂತೆ ಕೂರಬಹುದಿತ್ತು. ಆದರೆ ಪಕ್ಕದ ಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ಅಂದಿನಿಂದಲೇ ನಿಂತಿತ್ತು. ಪಾರವ್ವನ ಹೊಟ್ಟೆ ತುಂಬುವುದು ಆ ರೊಟ್ಟಿ ಮಾರಿದರೇ. ನೀಲಾ ತಂಬಿಗೆ ಎತ್ತಿಕೊಂಡು ಹೊರಟಳು.

ಪಾರವ್ವ ಕಟ್ಟೆಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದಳು.

"ಯಾಕ ತಂದಿ ತಂಗಿ? ಅವ ತನಗಂತ ಇಸ್ಕೊಂಡಿದ್ದಿಲ್ಲ. 'ನಾ ಹ್ವಾದ ಮ್ಯಾಲೆ ಅಕಿಗೆ ಎದ್ದು ಅಡ್ಡಾಡಾಕ ಬೇಕಾಗ್ತೈತಿ' ಅಂದಿದ್ದ. ನಿನಗ ಹೇಳಿಲ್ಲೇನು ಆ ಹುಚ್ಚಪ್ಪ?"

"ಇಲ್ಲ."

"ಹೇಳಾಕೂ ತ್ರಾಣ ಇರಲಿಲ್ಲ ಕಾಣ್ತೈತಿ."

ನೀಲಾಗೆ ನಗು ಬಂದಂತಾಯಿತು. ಮೆಟ್ಟಿಲ ಮೇಲೆ ಕುಸಿದು ಕೂತು, ತಂಬಿಗೆ ಎತ್ತಿ ಒಂದೇ ಒಂದು ಗುಟುಕು ಕುಡಿದಳು. ಆಮೇಲೆ ಸೆರಗಿನಿಂದ ಅದರ ಕಂಠ ಒರೆಸಿ, ಪಾರವ್ವನ ಮಡಿಲಲ್ಲಿಟ್ಟಳು.

"ಉಳಿದದ್ದು ಕುಡದು ಒಲಿ ಹಚ್ಚವ್ವಾ," ಅಂದಳು. "ನನಗ ಹಸಿವಾಗೈತಿ."